ಹೀಟರ್‌ನ ಬಿಸಿನೀರಲ್ಲಿ ಬಿಯರ್: ಮೂರು ಬ್ಯಾಚ್ ಚೆಲ್ಲಿದ ಮೇಲೆ ಕೈಹತ್ತಿತು

ಅಮೆರಿಕದ ಮಿನೆಸೋಟದ ಜನವರಿಯಲ್ಲಿ ಮನೆಯಲ್ಲೇ ಬಿಯರ್ ಮಾಡಲು ಗ್ಯಾರೇಜ್ ಬಾಗಿಲು ತೆರೆದಿಟ್ಟು ಪ್ರೊಪೇನ್ ಬರ್ನರ್ ಮುಂದೆ ನಿಂತವರಿಗೇ ಗೊತ್ತು ಆ ಚಳಿ. ಎಂಟು ಗ್ಯಾಲನ್ ತಣ್ಣೀರು 72 ಡಿಗ್ರಿಗೆ ಬರಲು ಮುಕ್ಕಾಲು ಗಂಟೆ. ನೆಲಮಾಳಿಗೆಯ ಹೀಟರ್‌ನಲ್ಲಿ 57 ಡಿಗ್ರಿ ನೀರು ಸುಮ್ನೆ ಕೂತಿರುತ್ತದೆ ಅಲ್ವಾ, ಅದನ್ನೇ ಹಿಡಿಯೋಣ ಅಂದುಕೊಂಡೆ.

ಗೆಳೆಯರೆಲ್ಲ ಬೇಡ ಅಂದರು. ಬಿಸಿನೀರಿನ ನಲ್ಲಿಯಲ್ಲಿ ಸೀಸ ಬರಬಹುದು, ಅಡುಗೆಗೂ ತಣ್ಣೀರನ್ನೇ ಬಳಸಿ ಅಂತ ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುತ್ತದೆ. ಅವರ ಮಾತು ಸರಿಯೇ. ಅದಕ್ಕೇ ಮೊದಲು ನೀರನ್ನು ಲ್ಯಾಬಿಗೆ ಕಳಿಸಿದೆ, ನಲವತ್ತು ಡಾಲರ್ ಆಯಿತು. ಮನೆ 2016ರದು, ಪೈಪೆಲ್ಲ ಪೆಕ್ಸ್ ಅನ್ನುವ ಪ್ಲಾಸ್ಟಿಕ್. ಸೀಸ ಸಿಗಲಿಲ್ಲ. 1986ಕ್ಕಿಂತ ಹಿಂದಿನ ಮನೆಯಾದರೆ ಬೆಸುಗೆಯಲ್ಲೇ ಸೀಸ ಇರಬಹುದು. ಅಂಥವರು ಇದಕ್ಕೆ ಕೈಹಾಕಬೇಡಿ.

ಆದರೂ ಮೊದಲ ಎರಡು ಬ್ಯಾಚ್ ಹಾಳಾದವು. ಹತ್ತು ಗ್ಯಾಲನ್ ಪೇಲ್ ಏಲ್, ಹೆಚ್ಚುಕಡಿಮೆ ತೊಂಬತ್ತು ಡಾಲರ್ ಸಾಮಾನು, ಎಲ್ಲ ಸಿಂಕಿಗೆ. ಜಾಸ್ತಿ ಕುದಿಸಿದ ಟೀ ಥರ ಒಗರು. ಕಹಿ ಕೊಡುವ ಹಾಪ್ಸ್ ಹೂ ಬದಲಿಸಿದೆ, ಯೀಸ್ಟ್ ಬದಲಿಸಿದೆ. ತಪ್ಪು ಇದ್ದದ್ದು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್‌ನಲ್ಲಿ. ನಮ್ಮ ಅಡುಗೆಮನೆಯ ತಣ್ಣೀರು ಅದನ್ನು ಮುಟ್ಟದೆ ಬರುತ್ತದೆ, ಬಿಸಿನೀರು ಪೂರ್ತಿ ಅದರ ಮೂಲಕವೇ ಬರುತ್ತದೆ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಸೇರಿತ್ತು, ಬೈಕಾರ್ಬನೇಟ್ ಹಾಗೇ ಉಳಿದಿತ್ತು. ಮ್ಯಾಶ್, ಅಂದರೆ ಬಿಸಿನೀರಲ್ಲಿ ನೆನೆಸಿದ ಮೊಳಕೆಕಾಳಿನ ಪಿಎಚ್ 5.8ರ ಮೇಲೆ! ಹುಳಿ ಸಾಲದ್ದಕ್ಕೇ ಆ ಒಗರು. ಈಗ ಬಿಯರ್ ಮಾಡುವ ಹಿಂದಿನ ದಿನ ಬೆಳಿಗ್ಗೆಯೇ, ನೀರು ಸಾಫ್ಟ್‌ನರ್ ತಪ್ಪಿಸಿ ಬರುವಂತೆ ಬೈಪಾಸ್ ತಿರುಗಿಸುತ್ತೇನೆ. ಎಲ್ಲರ ಸ್ನಾನ, ಎರಡು ಲೋಡ್ ಬಟ್ಟೆ ಆಗುವಷ್ಟರಲ್ಲಿ ಐವತ್ತು ಗ್ಯಾಲನ್ ಟ್ಯಾಂಕಿನ ನೀರು ಬದಲಾಗಿರುತ್ತದೆ. ಆಮೇಲೆ ಲ್ಯಾಕ್ಟಿಕ್ ಆಸಿಡ್, ಜಿಪ್ಸಂ. ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ.

ಮೂರನೆಯದು ಊರಿಗೆ ಹೋಗಿ ಬಂದ ಮೇಲೆ ಮಾಡಿದ್ದು, ಕೊಳೆತ ಮೊಟ್ಟೆಯ ವಾಸನೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗಿಡುವ ಮೆಗ್ನೀಸಿಯಂ ರಾಡ್‌ನಿಂದ ನಿಂತ ನೀರು ಹಾಗೆ ನಾರುತ್ತದಂತೆ. ಅದನ್ನು ತೆಗೆದು ಅಲ್ಯೂಮಿನಿಯಂ-ಝಿಂಕ್ ರಾಡ್ ಹಾಕಿದೆ, ಐವತ್ತು ಡಾಲರ್. ಹಳೆಯದನ್ನು ಬಿಚ್ಚಲು ವ್ರೆಂಚ್ ಹಿಡಿಗೆ ಮೂರಡಿ ಪೈಪ್ ಸಿಕ್ಕಿಸಿ ಎಳೆಯಬೇಕಾಯಿತು. ವಾಸನೆ ಹೋಯಿತು.

ಆಮೇಲೆ ಮಾಡಿದ ಹನ್ನೊಂದರಲ್ಲಿ ಒಂದೂ ಕೆಟ್ಟಿಲ್ಲ. ನೀರು ಹತ್ತೇ ನಿಮಿಷಕ್ಕೆ ರೆಡಿ. ನಾಲ್ಕು ಬ್ಯಾಚಿಗೆ ಮುಗಿಯುತ್ತಿದ್ದ ಪ್ರೊಪೇನ್ ಈಗ ಐದಕ್ಕೆ, ಕೆಲವೊಮ್ಮೆ ಆರಕ್ಕೂ ಬರುತ್ತದೆ. ಬೇಡ ಅಂದಿದ್ದ ಗೆಳೆಯರಲ್ಲಿ ಇಬ್ಬರು ಬೈಪಾಸ್ ಎಲ್ಲಿದೆ ಅಂತ ನೋಡಿಕೊಂಡು ಹೋದರು.

ನಡುವೆ ರಾಗಿಯನ್ನೂ ನೋಡಿದೆ. ಮೊಳಕೆ ಕಟ್ಟಿ ಒಣಗಿಸಿದ್ದು, ಎರಡು ಪೌಂಡ್. ಮ್ಯಾಶ್ ಅಂಬಲಿಯಾಗಿ ಸೋಸಲು ಎರಡು ಗಂಟೆ ಹಿಡಿಯಿತು. ಮುಂದಿನ ಸಲ ಭತ್ತದ ಹೊಟ್ಟು ಬೆರೆಸಿದೆ, ಸಲೀಸಾಗಿ ಇಳಿಯಿತು. ಹುರಿಹಿಟ್ಟಿನ ಘಮ ತೆಳ್ಳಗೆ ಬಂತು. ಈ ಸಲ ಮೂರು ಪೌಂಡ್ ನೆನೆಹಾಕಿದ್ದೇನೆ.