ಶಹಾಬಾದ್ ಕಲ್ಲಿನ ಮೇಲೆ ಎರಡು ಸೆಂಟಿಮೀಟರ್ ತಂತಿ

ಕಲಬುರಗಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಸ್ಫಟಿಕ ತಂತಿಯ (ಗಾಜಿನಲ್ಲಿರುವಂತೆ ಪರಮಾಣುಗಳು ಸಾಲುಗಟ್ಟದ ಲೋಹದ ತಂತಿ) ಕಾಂತ ಸಂವೇದಕವನ್ನು ಕಟ್ಟಲು ಕೂತಾಗ, ಕಷ್ಟವೆಲ್ಲ ಎಲೆಕ್ಟ್ರಾನಿಕ್ಸ್‌ನಲ್ಲಿ ಇರುತ್ತದೆಂದು ಎಣಿಸಿದ್ದೆ. ಸರ್ಕ್ಯೂಟು ಎರಡು ಸಂಜೆಗಳಲ್ಲಿ ಮುಗಿಯಿತು. ತಂತಿಯ ಎರಡು ತುದಿಗಳನ್ನು ಹಿಡಿಸುವುದಕ್ಕೆ ಒಂದೂವರೆ ತಿಂಗಳು ಬೇಕಾಯಿತು.

ತಂತಿ ಕೋಬಾಲ್ಟ್ ಪ್ರಧಾನವಾದದ್ದು, ಜೊತೆಗೆ ಅಲ್ಪ ಕಬ್ಬಿಣ, ಸಿಲಿಕಾನ್, ಬೋರಾನ್. ದಪ್ಪ 120 ಮೈಕ್ರಾನ್. ಇಂಥ ತಂತಿಯಲ್ಲಿನ ದೈತ್ಯ ಕಾಂತ-ಇಂಪೀಡೆನ್ಸ್ ಪರಿಣಾಮವನ್ನು, ಅಂದರೆ ಪರ್ಯಾಯ ಕರೆಂಟಿಗೆ ತಂತಿ ಒಡ್ಡುವ ತಡೆ (ಇಂಪೀಡೆನ್ಸ್) ಹೊರಗಿನ ಕಾಂತಕ್ಷೇತ್ರದಿಂದ ಬಹಳವಾಗಿ ಬದಲಾಗುವುದನ್ನು, 1994ರಲ್ಲಿ ಸಂಶೋಧಕರಾದ ಪನೀನಾ ಮತ್ತು ಮೋಹ್ರಿ ವಿವರಿಸಿದರು. ಇಷ್ಟೇ ರೋಧಶೀಲತೆಯ, ಆದರೆ ಕಾಂತಗುಣವಿಲ್ಲದ ಲೋಹದಲ್ಲಿ 1 ಮೆಗಾಹರ್ಟ್ಸ್ ಕರೆಂಟು ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಇಳಿಯಬಲ್ಲದಾದ್ದರಿಂದ ತಂತಿಯ ತುಂಬೆಲ್ಲ ಹರಿದಿರುತ್ತಿತ್ತು. ಇಲ್ಲಿಯಾದರೋ ತಂತಿಯ ಸುತ್ತಳತೆಯ ದಿಕ್ಕಿನ ಪರ್ಮಿಯಬಿಲಿಟಿ (ಲೋಹ ಎಷ್ಟು ಸುಲಭವಾಗಿ ಕಾಂತಗೊಳ್ಳುತ್ತದೆಂಬುದರ ಅಳತೆ) ಸಾವಿರಗಳಲ್ಲಿರುವುದರಿಂದ, ಅದು 10,000 ಎಂದಿಟ್ಟುಕೊಂಡರೆ, ಕರೆಂಟು ಹೊರಮೈಯ ಸುಮಾರು 6 ಮೈಕ್ರಾನ್ ಪದರಕ್ಕೆ ಸರಿದುಬಿಡುತ್ತದೆ. ತಂತಿಯುದ್ದಕ್ಕೂ ಹೊರಗಿನ ಕ್ಷೇತ್ರ ಬಿದ್ದೊಡನೆ ಪರ್ಮಿಯಬಿಲಿಟಿ ಬದಲಾಗಿ, ಪದರದ ಆಳವೂ ಇಂಪೀಡೆನ್ಸೂ ಬದಲಾಗುತ್ತವೆ.

ಎರಡು ಸೆಂಟಿಮೀಟರ್ ತಂತಿಯ ನೇರ ರೋಧ ಬರೀ 2.3 ಓಮ್. ಹೀಗಿರುವಾಗ ಬೆಸುಗೆ ಅರ್ಧ ಓಮ್ ಏರುಪೇರಾದರೂ ಅಳತೆ ಕೆಡುತ್ತದೆ. ಬೆಸುಗೆ ಹಿಡಿಯಲೆಂದು ಹಚ್ಚುವ ರಾಳದ ಫ್ಲಕ್ಸ್ ಬಳಸಿದರೆ ಬೆಸುಗೆ ತಂತಿಗೆ ಅಂಟದೆ ಎಲೆಯ ಮೇಲಿನ ನೀರಹನಿಯಂತೆ ಗುಂಡಾಗಿ ಜಾರುತ್ತಿತ್ತು. ಕೊನೆಗೆ ತಗಡಿನ ಕೆಲಸದವರು ಬಳಸುವ, ಸತು ಹಾಕಿ ಶಮನಗೊಳಿಸಿದ ತೇಜಾಬೇ ಕೈಹಿಡಿಯಿತು. ಕಡ್ಡಿಯ ತುದಿಯಿಂದ ಒಂದು ತೊಟ್ಟು ಸವರಿ, ಬೆಸುಗೆ ಕಬ್ಬಿಣವನ್ನು ಎರಡೆಣಿಸುವಷ್ಟು ಹೊತ್ತು ಮಾತ್ರ ತಾಗಿಸಿ, ಕೂಡಲೇ ಅಡುಗೆ ಸೋಡಾ ನೀರಿನಲ್ಲಿ ತೊಳೆದೆ. ತೊಳೆಯದೆ ಬಿಟ್ಟ ಮೊದಲ ತುಂಡು ವಾರದಲ್ಲೇ ಹಸಿರುಗಟ್ಟಿತ್ತು.

ಆಮೇಲೆ ಕಾಡಿದ್ದು ಸೆಳೆತ. ಈ ಮಿಶ್ರಲೋಹದ ಮ್ಯಾಗ್ನೆಟೋಸ್ಟ್ರಿಕ್ಷನ್ (ಕಾಂತಗುಣಕ್ಕೂ ಹಿಗ್ಗು-ಕುಗ್ಗುವಿಕೆಗೂ ಇರುವ ನಂಟು) ಶೂನ್ಯಕ್ಕೆ ಹತ್ತಿರವಾದರೂ ಶೂನ್ಯವಲ್ಲ. ಎರಡೂ ತುದಿ ಬಿಗಿಯಾಗಿದ್ದಾಗ ಬೋರ್ಡನ್ನು ಉಗುರಿನಿಂದ ಒತ್ತಿದರೂ ಅಂಕಿ ಓಡುತ್ತಿತ್ತು. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಬೋರ್ಡು ಹಿಗ್ಗಿದಾಗಲೂ ಅಷ್ಟೇ. ಒಂದು ತುದಿಗೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಡಿಲ ಸುರುಳಿ ಕೊಟ್ಟ ಮೇಲೆ ಅಂಕಿಯ ಓಟ ನಿಂತಿತು.

ಉಕ್ಕಿನ ಮೇಜನ್ನು ಮೊದಲೇ ಹೊರಗಿಟ್ಟಿದ್ದೆ. ಅದರ ಬದಲು ಇಟ್ಟಿಗೆಗಳ ಮೇಲೆ ಒಂದು ಶಹಾಬಾದ್ ಕಲ್ಲು ಹಾಸಿದೆ. ಸುಣ್ಣಕಲ್ಲಾದ್ದರಿಂದ ಅದು ಕ್ಷೇತ್ರವನ್ನು ಕದಲಿಸುವುದಿಲ್ಲ. ನಮ್ಮ ಭಾಗದ ಕರಿಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಇರುವುದರಿಂದ ಅದನ್ನು ಹತ್ತಿರ ಬಿಡಬಾರದು.

ತಂತಿಯನ್ನು ಒಳಗಿಟ್ಟು ಗೊತ್ತಿರುವ ಕ್ಷೇತ್ರ ಕೊಡಲೆಂದು ಪ್ಲಾಸ್ಟಿಕ್ ಪೈಪಿನ ಮೇಲೆ 30 ಸೆಂಟಿಮೀಟರ್ ಉದ್ದಕ್ಕೆ 300 ಸುತ್ತು ಸುತ್ತಿ ಕಾಯಿಲ್ ಮಾಡಿದೆ: ಒಂದು ಮಿಲಿಆಂಪಿಯರಿಗೆ 1.26 ಮೈಕ್ರೋಟೆಸ್ಲಾ. ಕ್ಷೇತ್ರಕ್ಕೆ ತಕ್ಕಂತೆ ಇಂಪೀಡೆನ್ಸ್ ಹೇಗೆ ಬದಲಾಗುತ್ತದೆಂಬ ನಕ್ಷೆ ಬರೆದಾಗ ಎರಡು ದಿಬ್ಬಗಳ ನಡುವೆ ಒಂದು ಹಳ್ಳ ಮೂಡಿತು. ಹಳ್ಳದ ತಳದಲ್ಲಿ, ಅಂದರೆ ಶೂನ್ಯ ಕ್ಷೇತ್ರದಲ್ಲಿ, ಸಂವೇದಕ ಕುರುಡು, ದಿಕ್ಕೂ ತಿಳಿಯದು. ಆದ್ದರಿಂದ ಕಾಯಿಲ್‌ನಲ್ಲಿ ಸ್ಥಿರ ಕರೆಂಟು ಹರಿಸಿ ಇಳಿಜಾರಿನ ನಡುವೆ ತಂದು ನಿಲ್ಲಿಸಬೇಕಾಯಿತು.

ಒಂದು ರಾತ್ರಿ ಕರೆಂಟು ಹೋಯಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಸಂವೇದಕದಲ್ಲಿ 50 ಹರ್ಟ್ಸ್ ಗದ್ದಲ ಒಮ್ಮೆಗೇ ಅಡಗಿತು. ಪೂರ್ವ-ಪಶ್ಚಿಮವಾಗಿದ್ದ ಕಾಯಿಲನ್ನು ತಂತಿಯ ಸಮೇತ ಉತ್ತರ-ದಕ್ಷಿಣಕ್ಕೆ, ಭೂಕ್ಷೇತ್ರ ಕಾಯಿಲಿನದಕ್ಕೆ ಎದುರಾಗುವಂತೆ ತಿರುಗಿಸಿದೆ. ಅಂಕಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು ಕರೆಂಟನ್ನು 31 ಮಿಲಿಆಂಪಿಯರ್ ಹೆಚ್ಚಿಸಬೇಕಾಯಿತು: 39 ಮೈಕ್ರೋಟೆಸ್ಲಾ, ಸರಿಸುಮಾರು ಕಲಬುರಗಿಯ ಭೂಕಾಂತಕ್ಷೇತ್ರದ ನೆಲಕ್ಕೆ ಸಮಾಂತರವಾದ ಘಟಕದಷ್ಟೇ.