ಪಟಿಕ, ಸುಣ್ಣ ಮತ್ತು ಮಹಾಕಮ್ ಹೊಳೆಯ ಕಪ್ಪು ನೀರು

ಪಕ್ಕದ ಮನೆಯ ಆಚಿಲ್ ಪಟಿಕದ ಗಟ್ಟಿಯನ್ನು ಹಳೆಯ ಬಟ್ಟೆಯ ತುಂಡಿನಲ್ಲಿ ಕಟ್ಟಿ, ಇನ್ನೂರು ಲೀಟರಿನ ನೀಲಿ ಡ್ರಮ್ಮಿನೊಳಗೆ ಮೊಣಕೈವರೆಗೆ ತೋಳು ಇಳಿಸಿ, ಮೂವತ್ತು ಸುತ್ತು ತಿರುಗಿಸುತ್ತಿದ್ದರು. ಮೂವತ್ತೊಂದನೆಯದು ಇಲ್ಲ. ಆಮೇಲೆ ಗಟ್ಟಿಯನ್ನು ಮೊಳೆಗೆ ನೇತುಹಾಕಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದರು. ಅನ್ನ ಬೇಯುವಷ್ಟರಲ್ಲಿ ಕೆಮ್ಮಣ್ಣಿನ ಬಣ್ಣದ ಹೊಳೆ ನೀರು ತಿಳಿಯಾಗಿ, ಡ್ರಮ್ಮಿನ ತಳದಲ್ಲಿ ಎರಡು ಬೆರಳು ಗಸಿ ಕೂತಿರುತ್ತಿತ್ತು.

ಬೋರ್ನಿಯೋ ದ್ವೀಪದ ಆ ಹಳ್ಳಿಗೆ ನಾನು ಹೋಗಿದ್ದು ಕುಡಿಯುವ ನೀರನ್ನು ಶುದ್ಧ ಮಾಡುವುದನ್ನು ಕಲಿಸಲು. ಆದ್ದರಿಂದ ಮೊದಲ ವಾರವೇ ಆಚಿಲ್ ಅವರ ಪಟಿಕದ ಗಟ್ಟಿಯನ್ನು ತಿರುಗಿಸುವ ಮೊದಲೊಮ್ಮೆ, ಒಣಗಿಸಿ ಮತ್ತೊಮ್ಮೆ ತಕ್ಕಡಿಗಿಟ್ಟು ತೂಗಿದೆ. ಒಂಬತ್ತು ಗ್ರಾಂ ಕರಗಿತ್ತು. ಎಂದರೆ ಲೀಟರಿಗೆ ನಲವತ್ತೈದು ಮಿಲಿಗ್ರಾಂ. ಅದೇ ನೀರನ್ನು ಆರು ಬಾಟಲಿಗಳಲ್ಲಿ ಹಾಕಿ ನಾನು ಮಾಡಿದ ಪರೀಕ್ಷೆಯಲ್ಲಿ ಚೆನ್ನಾಗಿ ತಿಳಿಯಾದದ್ದು ನಲವತ್ತು ಮಿಲಿಗ್ರಾಮಿನ ಬಾಟಲಿ. ಕಲಿಸಲು ಬಂದವನಿಗೆ ಇದಕ್ಕಿಂತ ಕೆಟ್ಟ ಆರಂಭ ಬೇರೆ ಬೇಕಿರಲಿಲ್ಲ.

ನನ್ನದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಅಂಚು. 2022ರ ಅಕ್ಟೋಬರಿನಿಂದ ಮುಂದಿನ ಸೆಪ್ಟೆಂಬರಿನವರೆಗೆ ಬೋರ್ನಿಯೋ ದ್ವೀಪದ ಇಂಡೊನೇಷ್ಯಾ ಭಾಗವಾದ ಪೂರ್ವ ಕಾಲಿಮಂತಾನದಲ್ಲಿ, ಮಹಾಕಮ್ ನದಿಯ ನಡುಭಾಗದ ಒಂದು ಹಳ್ಳಿಯಲ್ಲಿದ್ದೆ. ಸಮರಿಂದಾ ನಗರದ ಸುಂಗೈ ಕುಂಜಾಂಗ್ ಧಕ್ಕೆಯಿಂದ ಬೆಳಿಗ್ಗೆ ಹೊರಡುವ ಎರಡಂತಸ್ತಿನ ಮರದ ಹಡಗನ್ನು ಅಲ್ಲಿಯವರು ‘ಟ್ಯಾಕ್ಸಿ’ ಎನ್ನುತ್ತಾರೆ. ಮೇಲಿನ ಅಂತಸ್ತಿನಲ್ಲಿ ಸಾಲಾಗಿ ಹಾಸಿಗೆ, ಕೆಳಗೆ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಬೈಕು, ಕೋಳಿ. ಎದುರಿನಿಂದ ಮನೆಗಿಂತ ದೊಡ್ಡ ಕಲ್ಲಿದ್ದಲ ಗುಡ್ಡಗಳನ್ನು ಹೊತ್ತ ದೋಣಿಗಳು ಸಮುದ್ರದ ಕಡೆಗೆ ಇಳಿಯುತ್ತಿರುತ್ತವೆ. ದಾರಿಯಲ್ಲಿ ಮುವಾರಾ ಕಾಮನ್ ಸಿಗುತ್ತದೆ. ಮೂಲವರ್ಮನೆಂಬ ರಾಜನ ಸಂಸ್ಕೃತ ಶಾಸನಗಳಿರುವ ಯೂಪಸ್ತಂಭಗಳು ದೊರೆತ ಊರು ಅದು. ಲಿಪಿಯ ಆಧಾರದ ಮೇಲೆ ಅವನ್ನು ನಮ್ಮ ಹಲ್ಮಿಡಿ ಶಾಸನಕ್ಕಿಂತ ತುಸು ಹಳೆಯವೆಂದು ಎಣಿಸುತ್ತಾರೆ. ರಾಜ ಬ್ರಾಹ್ಮಣರಿಗೆ ಇಪ್ಪತ್ತು ಸಾವಿರ ಹಸುಗಳನ್ನು ದಾನ ಕೊಟ್ಟನಂತೆ. ಈ ಜೌಗಿನಲ್ಲಿ ಅಷ್ಟು ಹಸುಗಳು ಎಲ್ಲಿ ನಿಂತು ಮೇಯುತ್ತಿದ್ದವೋ ಎಂದು ನನಗೆ ಅನುಮಾನ. ಈಗಂತೂ ಅಲ್ಲಿ ಎಮ್ಮೆಗಳಿಗೂ ನೆಲವಿಲ್ಲ. ನೀರಿನ ಮೇಲೆ ಮರದ ದಿಮ್ಮಿಗಳ ಅಟ್ಟಣಿಗೆ ಕಟ್ಟಿ ರಾತ್ರಿ ಅದರ ಮೇಲೆ ನಿಲ್ಲಿಸುತ್ತಾರೆ, ಬೆಳಿಗ್ಗೆ ಬಿಟ್ಟರೆ ಈಜಿಕೊಂಡು ಹುಲ್ಲಿನ ಕಡೆ ಹೋಗುತ್ತವೆ.

ಸೆಮಯಾಂಗ್, ಮೆಲಿಂತಾಂಗ್, ಜೆಂಪಾಂಗ್ ಎಂಬ ಮೂರು ದೊಡ್ಡ, ಆಳವಿಲ್ಲದ ಕೆರೆಗಳು ಆ ಭಾಗದಲ್ಲಿವೆ. ನದಿ ಏರಿದರೆ ನೀರು ಕೆರೆಗಳಿಗೆ ನುಗ್ಗುತ್ತದೆ, ನದಿ ಇಳಿದರೆ ಕೆರೆಗಳ ನೀರು ನದಿಗೆ ಮರಳುತ್ತದೆ. ನಮ್ಮ ಹಳ್ಳಿ ಈ ಎರಡರ ನಡುವಿನ ಕಾಲುವೆಯ ದಂಡೆಯಲ್ಲಿತ್ತು. ದಂಡೆ ಎಂದರೂ ಮಣ್ಣು ಕಾಣುವುದು ವರ್ಷಕ್ಕೆ ಕೆಲವೇ ತಿಂಗಳು. ಮನೆಗಳೂ ಬೀದಿಯೂ ಉಲಿನ್ ಮರದ ಕಂಬಗಳ ಮೇಲೆ. ಉಲಿನ್ ನೀರಿಗೆ ಹಾಕಿದರೆ ಮುಳುಗುವಷ್ಟು ಭಾರದ ಮರ, ಹತ್ತಾರು ವರ್ಷ ನೀರಿನಲ್ಲಿ ನಿಂತರೂ ಕೊಳೆಯುವುದಿಲ್ಲ. ಆ ಹಲಗೆಯ ಬೀದಿಯ ಮೇಲೆ ಬೈಕು ಹೋದರೆ ಮನೆಯೊಳಗೆ ಮಲಗಿದವನ ಬೆನ್ನಿಗೆ ಗೊತ್ತಾಗುತ್ತಿತ್ತು.

ಹೋದ ದಿನವೇ ಪಾಕ್ ಆರ್‌ಟಿಯ ಮನೆಗೆ ಹೋಗಿ ಹೆಸರು ಬರೆಸಬೇಕು. ಆರ್‌ಟಿ ಎಂದರೆ ಕೆಲವು ಹತ್ತು ಮನೆಗಳ ಒಂದು ಕೂಟ, ಅದರ ಮುಖ್ಯಸ್ಥನೇ ಪಾಕ್ ಆರ್‌ಟಿ. ಊರಲ್ಲಿ ತಂಗುವ ಹೊಸಬ ಇಪ್ಪತ್ತನಾಲ್ಕು ಗಂಟೆಯೊಳಗೆ ಆತನಿಗೆ ತಿಳಿಸಬೇಕೆಂಬುದು ದೇಶದುದ್ದಕ್ಕೂ ಇರುವ ರೂಢಿ. ಭಾಷೆಯ ಕಷ್ಟ ನಾನು ಹೆದರಿದಷ್ಟು ಇರಲಿಲ್ಲ. ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತ್ರಿ, ಉಪವಾಸಕ್ಕೆ ಪುವಾಸ, ಭಾಷೆಗೆ ಬಹಾಸ. ‘ದೋಸ’ ಎಂದರೆ ಮಾತ್ರ ಪಾಪ. ಬೆಳಗಿನ ತಿಂಡಿಗೆ ನಮ್ಮೂರಲ್ಲಿ ಏನು ತಿನ್ನುತ್ತಾರೆಂದು ಹೇಳಿ ನಾನು ಪೇಚಿಗೆ ಸಿಕ್ಕಿದ್ದೇನೆ. ಆಚಿಲ್ ಎಂಬುದು ಅಲ್ಲಿನ ಬಂಜಾರ್ ಜನರ ಮಾತಿನಲ್ಲಿ ಚಿಕ್ಕಮ್ಮ. ಅವರು ನನ್ನನ್ನು ಮಗು ಎಂಬರ್ಥದ ‘ನಕ್’ ಎಂದು ಕರೆಯುತ್ತಿದ್ದರು, ನನಗಾಗಲೇ ನಲವತ್ತು ದಾಟಿತ್ತು.

ಪ್ರತಿ ಮೂರ್ನಾಲ್ಕು ಮನೆಗೆ ಒಂದರಂತೆ ದಿಮ್ಮಿಗಳ ತೆಪ್ಪ ನೀರಿನಲ್ಲಿ ತೇಲುತ್ತಿರುತ್ತದೆ. ಸ್ನಾನ, ಬಟ್ಟೆ, ಪಾತ್ರೆ, ಮೀನು ಹೆರೆಯುವುದು, ಹಲ್ಲುಜ್ಜುವುದು, ಹರಟೆ ಎಲ್ಲ ಅದರ ಮೇಲೆ. ತೆಪ್ಪದ ಒಂದು ತುದಿಯಲ್ಲಿ ಸೊಂಟದೆತ್ತರದ ಹಲಗೆಯ ಮರೆ, ಅದೇ ಪಾಯಿಖಾನೆ, ಕೆಳಗೆ ನೇರವಾಗಿ ನದಿ. ನನ್ನ ಕೆಲಸದ ಕಾರಣ ಪೂರ್ತಿ ಆ ಮರೆಯ ಹಿಂದಿತ್ತು. ನೀರು ತಿಳಿಯಾದರೆ ಶುದ್ಧವಾಯಿತೆಂದಲ್ಲ, ಕುದಿಸಿಯೇ ಕುಡಿಯಿರಿ ಎಂದು ಹೇಳಲು ನಾನು ಪೀಠಿಕೆ ಹಾಕುತ್ತಿದ್ದರೆ ಹೆಂಗಸರು ನಗುತ್ತಿದ್ದರು. ಕುದಿಸದೆ ಯಾರು ಕುಡಿಯುತ್ತಾರೆ? ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವ ಪೊಸ್ಯಾಂಡುವಿನಲ್ಲಿ ಅದನ್ನು ಎಂದೋ ಹೇಳಿಕೊಟ್ಟಾಗಿತ್ತು. ಕುದಿಸಿದ ನೀರಿನ ಲೋಟವನ್ನು ತೊಳೆಯುವುದು ಮಾತ್ರ ತೆಪ್ಪದ ನೀರಿನಲ್ಲಿ. ಆ ಒಂದು ಅಭ್ಯಾಸ ಬಿಡಿಸಲು ನಾನು ಪಟ್ಟ ಪಾಡು ಬೇರೆ ಕಥೆ, ಅರ್ಧ ಗೆದ್ದೆ.

ಡಿಸೆಂಬರಿನಲ್ಲಿ ನೀರು ಏರಿತು. ನಮ್ಮ ಕಡೆ ‘ಮುಳುಗಡೆ’ ಎಂದರೆ ಲಿಂಗನಮಕ್ಕಿ ಅಣೆಕಟ್ಟು. ಅಲ್ಲಿ ಒಮ್ಮೆ ಬಂದ ನೀರು ಮತ್ತೆ ಹೋಗಲೇ ಇಲ್ಲ. ಹಾಗಾಗಿ ಇಲ್ಲಿ ನೀರು ಮೆಟ್ಟಿಲು ಮುಟ್ಟಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಚಿಲ್ ಮನೆಯವರು ನೆಲದ ಹಲಗೆ ಎತ್ತಿ, ಆ ಸಂದಿನಲ್ಲಿ ಗಾಳ ಇಳಿಬಿಟ್ಟು ಅಡುಗೆಮನೆಯಲ್ಲಿಯೇ ಮೀನು ಹಿಡಿಯುತ್ತಿದ್ದರು.

ತೊಂದರೆ ಶುರುವಾದದ್ದು ನೀರು ಇಳಿಯತೊಡಗಿದ ಮೇಲೆ. ಜನವರಿಯ ಕೊನೆಯ ಒಂದು ಬೆಳಿಗ್ಗೆ ತೆಪ್ಪದ ಮೇಲೆ ನಿಂತವನಿಗೆ ಮೀನುಗಳು ನೀರಿನ ಮೇಲಕ್ಕೆ ಬಾಯಿ ತೆರೆದು ಗುಟುಕರಿಸುವುದು ಕಂಡಿತು. ನೀರು ಕಂದು ಬಣ್ಣ ಬಿಟ್ಟು ನಮ್ಮ ಕಡೆ ಅಡಿಕೆ ಬೇಯಿಸಿದ ಚೊಗರಿನಂತಾಗಿತ್ತು. ಬೊಗಸೆಯಲ್ಲಿ ತೆಗೆದರೆ ಮಣ್ಣಿನ ಕಣ ಒಂದೂ ಇಲ್ಲ, ಅಂಗೈ ರೇಖೆ ಕಾಣುತ್ತದೆ, ಆದರೆ ಕಡು ಚಹಾದ ಬಣ್ಣ. ‘ಬಾಂಗಾರ್’ ಎಂದರು ಆಚಿಲ್. ತಿಂಗಳುಗಟ್ಟಲೆ ಜೌಗಿನ ಕಾಡಿನಲ್ಲಿ ನಿಂತು, ಎಲೆ ಹುಲ್ಲು ಕೊಳೆತು, ಉಸಿರು ಕಳೆದುಕೊಂಡ ನೀರು ಒಮ್ಮೆಗೇ ಹೊರಬರುವುದಕ್ಕೆ ಆ ಹೆಸರು. ಆ ದಿನ ಪಂಜರದ ಮೀನು ಸಾಕಿದವರೆಲ್ಲ ಸಿಕ್ಕಿದ ಬೆಲೆಗೆ ಮಾರಲು ಓಡಾಡಿದರು. ಮೇಲೆ ಬಂದು ಗಾಳಿಯನ್ನೇ ಕುಡಿಯಬಲ್ಲ ಹಾರುವಾನ್, ತೋಮಾನ್ ಮೀನುಗಳು ಬದುಕಿದವು, ಮಿಕ್ಕವು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿದವು.

ನಾನು ಹುರುಪಿನಿಂದ ಬಾಟಲಿಗಳನ್ನು ಇಳಿಸಿದೆ. ವಿಧಾನ ಸುಲಭ, ಯಾರೂ ಮಾಡಬಹುದು. ಹತ್ತು ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡರೆ ಸಿರಿಂಜಿನ ಒಂದು ಮಿಲಿಲೀಟರಿಗೆ ಹತ್ತು ಮಿಲಿಗ್ರಾಂ. ಲೀಟರ್ ನೀರು ತುಂಬಿದ ಆರು ಬಾಟಲಿಗೆ ಎರಡು, ನಾಲ್ಕು, ಆರು ಹೀಗೆ ಏರಿಸುತ್ತ ಹಾಕುವುದು, ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ನಿಧಾನವಾಗಿ ತಿರುಗಿಸುವುದು, ಅರ್ಧ ಗಂಟೆ ಬಿಡುವುದು. ಕೆಂಪು ನೀರಾದರೆ ಹಿಂಜಿದ ಹತ್ತಿಯಂಥ ಎಳೆಗಳು ಕಟ್ಟಿ ಇಳಿಯುತ್ತವೆ. ಇಲ್ಲಿ ಆರೂ ಬಾಟಲಿ ಅರ್ಧ ಗಂಟೆಯ ನಂತರವೂ ಆರು ಲೋಟ ಚಹಾದಂತೆಯೇ ನಿಂತಿದ್ದವು. ಪ್ರಮಾಣ ಏರಿಸಿದೆ. ಇನ್ನೂ ಏರಿಸಿದೆ. ಮೂರು ದಿನ ಅದೇ ಮಾಡಿದೆ. ಬಾಟಲಿಗಳ ಸುತ್ತ ಕೂತ ಮಕ್ಕಳು ಬೇಸತ್ತು ಎದ್ದುಹೋದರು.

ನಾಲ್ಕನೆಯ ದಿನ ಮಾಡಿದ ಕೆಲಸವನ್ನು ಮೊದಲ ದಿನವೇ ಮಾಡಬೇಕಿತ್ತು: ಆಮ್ಲ ಅಳೆಯುವ ಕಾಗದದ ಪಟ್ಟಿಯನ್ನು ಅದ್ದಿ ನೋಡಿದೆ. ನಾಲ್ಕಕ್ಕೂ ಐದಕ್ಕೂ ನಡುವೆ. ಏಳಕ್ಕಿಂತ ಕೆಳಗೆ ಇಳಿದಷ್ಟೂ ನೀರು ಹುಳಿ. ಪಟಿಕ ಕೆಲಸ ಮಾಡಬೇಕಾದರೆ ನೀರಿನಲ್ಲಿ ಸ್ವಲ್ಪ ಕ್ಷಾರ ಇರಬೇಕು. ಪಟಿಕವೇ ಆಮ್ಲ ಹುಟ್ಟಿಸುತ್ತದೆ, ಅದನ್ನು ಹೀರಿಕೊಳ್ಳುವ ಕ್ಷಾರ ಇಲ್ಲದಿದ್ದರೆ ಎಳೆ ಕಟ್ಟುವುದಿಲ್ಲ. ನಾನು ಪಟಿಕ ಏರಿಸಿದಷ್ಟೂ ಹುಳಿ ನೀರನ್ನು ಇನ್ನಷ್ಟು ಹುಳಿ ಮಾಡುತ್ತಿದ್ದೆ. ಬೇಕಿದ್ದುದು ಸುಣ್ಣ. ಅಂಗಡಿಗೆ ಹೋಗಲು ದೋಣಿಯಲ್ಲಿ ಎರಡು ಗಂಟೆ. ಆಚಿಲ್ ಅವರ ಅತ್ತೆ ಎಲೆಯಡಿಕೆ ಹಾಕುತ್ತಿದ್ದರು. ಅವರ ಹಿತ್ತಾಳೆಯ ಡಬ್ಬಿ ತೆರೆದಾಗ ನನ್ನಜ್ಜಿಯ ತಟ್ಟೆಯ ವಾಸನೆಯೇ ಬಂತು. ಅಜ್ಜಿ ಒಂದು ಚಿಟಿಕೆ ಸುಣ್ಣ ಕೊಟ್ಟು, ಅಡಿಕೆಯ ಹೋಳನ್ನೂ ಮುಂದೆ ಚಾಚಿದರು. ಹೊಳೆ ನೀರಿಗೂ ಎಲೆಯಡಿಕೆ ಹಾಕಲು ಹೊರಟಿದ್ದಾನೆಂದು ಅವರು ತಿಳಿದಂತಿತ್ತು.

ಆ ಸುಣ್ಣವನ್ನು ನೀರಿನಲ್ಲಿ ಕದಡಿ, ಪಟಿಕಕ್ಕಿಂತ ಮೊದಲು ಹನಿಹನಿಯಾಗಿ ಹಾಕಿ ನೋಡಿದೆ. ಮೂರನೆಯ ಬಾಟಲಿಯಲ್ಲಿ ಕಾಫಿ ಪುಡಿಯಂಥ ಸಣ್ಣ, ಹಗುರ ಕಣಗಳು ಕಟ್ಟಿದವು. ಇಳಿಯಲು ಎರಡು ಗಂಟೆ ತೆಗೆದುಕೊಂಡವು, ಆದರೆ ಮೇಲಿನ ನೀರು ತೆಳು ಹಳದಿಗೆ ಬಂದಿತ್ತು. ಇದರಲ್ಲೂ ಒಂದು ಮೋಸವಿದೆ. ಸುಣ್ಣ ತುಸು ಹೆಚ್ಚಾದರೂ ಬಣ್ಣ ತಿರುಗಿ ಗಾಢವಾಗುತ್ತದೆ, ಕಟ್ಟಿದ ಕಣವೂ ಕರಗುತ್ತದೆ. ಪಟಿಕ ಹಾಕಿ ಆದ ಮೇಲೆ ಕಾಗದದ ಪಟ್ಟಿ ಐದೂವರೆಯಿಂದ ಆರರ ನಡುವೆ ತೋರಿಸಬೇಕು. ಕೊನೆಗೆ ಇನ್ನೂರು ಲೀಟರಿಗೆ ಏಳು ಗ್ರಾಂ ಸುಣ್ಣದ ಪುಡಿ, ಇಪ್ಪತ್ತನಾಲ್ಕು ಗ್ರಾಂ ಪಟಿಕಕ್ಕೆ ಬಂದು ನಿಂತೆ. ಇದು ಆ ಹಳ್ಳಿಯ ಆ ತಿಂಗಳ ನೀರಿನ ಲೆಕ್ಕ, ಬೇರೆ ನೀರಿಗೆ ಬಾಟಲಿಗಳನ್ನೇ ಕೇಳಬೇಕು. ತಿಳಿಯಾದ ನೀರನ್ನು ಎರಡನೆಯ ಡ್ರಮ್ಮಿಗೆ, ಜಲ್ಲಿ, ಮರಳು, ತೆಂಗಿನ ಚಿಪ್ಪಿನ ಇದ್ದಿಲಿನ ಮೂಲಕ ಇಳಿಸಿದರೆ ಉಳಿದ ಹಳದಿಯೂ ಹೋಗುತ್ತಿತ್ತು, ಇದ್ದಿಲು ಹೊಸದಾಗಿರುವವರೆಗೆ. ಬ್ಲೀಚಿಂಗ್ ಪುಡಿಯನ್ನು ನೇರವಾಗಿ ಕಪ್ಪು ನೀರಿಗೆ ಹಾಕುವ ತಪ್ಪನ್ನೂ ಮಾಡಿದ್ದೇನೆ. ಕೊಳೆತ ಎಲೆಯ ಸಾರ ಕ್ಲೋರಿನ್ನನ್ನೆಲ್ಲ ನುಂಗಿಬಿಡುತ್ತದೆ, ಅರ್ಧ ಗಂಟೆಯಲ್ಲಿ ವಾಸನೆಯೂ ಇರುವುದಿಲ್ಲ.

ಡ್ರಮ್ಮಿನ ಮೊದಲ ನೀರನ್ನು ಹೆಮ್ಮೆಯಿಂದ ಆಚಿಲ್ ಮನೆಗೆ ಒಯ್ದೆ. ಅವರ ಡ್ರಮ್ಮಿನಲ್ಲಿ ಆಗಲೇ ಕನ್ನಡಿಯಂಥ ನೀರಿತ್ತು. ಬಾಂಗಾರ್ ಶುರುವಾದ ಮರುದಿನದಿಂದಲೇ ಅವರ ಗಂಡ ಚೆಸ್ ಎಂಬ ಮೋಟಾರು ದೋಣಿಯಲ್ಲಿ ಕ್ಯಾನುಗಳನ್ನು ತುಂಬಿಕೊಂಡು ದೊಡ್ಡ ಹೊಳೆಯ ನಡುಸೆಳವಿಗೆ ಹೋಗಿ ಕೆಂಪು ನೀರು ತರುತ್ತಿದ್ದರು. ಅದಕ್ಕೆ ಅದೇ ಗಟ್ಟಿ, ಅದೇ ಮೂವತ್ತು ಸುತ್ತು. ಕಪ್ಪು ನೀರಿಗೆ ಪಟಿಕ ಹಾಕಿ ಯಾರು ಹಾಳು ಮಾಡುತ್ತಾರೆ ಎಂದರು. ನನಗೆ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆ.

“ನೀನು ಕೇಳಲಿಲ್ಲವಲ್ಲ, ನಕ್. ಬಾಟಲಿ ಆಡಿಸುತ್ತಿದ್ದೆ.”

ಲೆಕ್ಕ ಹಾಕಿದರೆ ದೋಣಿ ಇದ್ದವರಿಗೆ ಅವರ ದಾರಿಯೇ ಅಗ್ಗ. ಆದರೆ ಎಲ್ಲರಿಗೂ ದೋಣಿ ಇಲ್ಲ, ಪೆಟ್ರೋಲು ಕೊಳ್ಳುವ ಗಂಡಸು ಎಲ್ಲ ಮನೆಯಲ್ಲೂ ಇಲ್ಲ. ಅಂಥ ಐದು ಮನೆಗಳಿಗೆ ಸುಣ್ಣ-ಪಟಿಕದ ಡ್ರಮ್ಮು ಕೂಡಿಸಿದೆವು. ಉಳಿದವರಿಗೆ ನಾನು ಕಲಿಸಿದ್ದು ಬರೀ ನಲ್ಲಿಯ ಎತ್ತರ: ಡ್ರಮ್ಮಿನ ತಳದಿಂದ ಒಂದು ಗೇಣು ಮೇಲೆ, ಗಸಿ ತೆಗೆಯಲು ಕೆಳಗೆ ಇನ್ನೊಂದು. ಚೆಂಬು ಅದ್ದಿ ತೆಗೆಯುವುದು ನಿಂತರೆ ತಿಳಿ ನೀರಿಗೆ ಕೈ ಸೋಕುವುದಿಲ್ಲ. ಹನ್ನೊಂದು ತಿಂಗಳಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಬಹುಶಃ ಅದೇ, ಅದಕ್ಕೆ ಬಾಟಲಿಯೂ ಬೇಡ, ಪರೀಕ್ಷೆಯೂ ಬೇಡ.

ಆಗಸ್ಟ್ ಹೊತ್ತಿಗೆ ಆ ವರ್ಷದ ಎಲ್ ನಿನೊ ಬರ ಬಿಗಿಯಿತು. ಕಾಲುವೆ ಕೆಸರಾಯಿತು, ತೆಪ್ಪಗಳು ನೆಲದ ಮೇಲೆ ಓರೆಯಾಗಿ ಕೂತವು, ಪಾಯಿಖಾನೆಯ ಮರೆಗಳು ನಗೆಪಾಟಲಾಗಿ ಒಣ ದಂಡೆಯ ಮೇಲೆ ನಿಂತವು. ಕ್ಯಾನು ಹೊತ್ತು ಕೆಸರಿನ ಮೇಲೆ ಹಾಸಿದ ಹಲಗೆಗಳಲ್ಲಿ ನಡೆದು ನೀರು ತರಬೇಕಿತ್ತು. ಆಚೆ ಎಲ್ಲೋ ಜೌಗು ಹೊತ್ತಿ ಉರಿದ ಹೊಗೆ ಸಂಜೆ ಊರಿಗೆ ಇಳಿಯುತ್ತಿತ್ತು. ತಗಡಿನ ಸೂರಿನ ಮೇಲೆ ಮಸಿ ಕೂತಿರುವುದರಿಂದ ಮೊದಲ ಮಳೆಯ ನೀರನ್ನು ಹಿಡಿಯಬೇಡಿ ಎಂದು ಮನೆಮನೆಗೆ ಹೇಳಿಬಂದೆ. ಮಳೆ ಬರುವುದನ್ನು ನೋಡದೆಯೇ ಹೊರಟೆ, ದೋಣಿ ಸಿಗುವಲ್ಲಿಯವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು.

ಊರಿಗೆ ಬಂದ ಮೇಲೆ ಒಮ್ಮೆ ಆಚಿಲ್ ಮಗಳು ಮೊಬೈಲಿಗೆ ಚಿತ್ರ ಕಳುಹಿಸಿದಳು. ಕಿಟಕಿಯ ಹಲಗೆಯ ಮೇಲೆ ಮೂರು ಬಾಟಲಿ, ನಡುವಿನದು ತಿಳಿ. ಮತ್ತೆ ಬಾಂಗಾರ್ ಬಂದಿತ್ತು, ಅಪ್ಪನಿಗೆ ಬೆನ್ನು ನೋವು, ದೋಣಿ ಹೊರಡುತ್ತಿಲ್ಲ. ಕಾಗದದ ಪಟ್ಟಿ ಎಷ್ಟು ತೋರಿಸಿತೆಂದು ಕೇಳಿದೆ. ಪಟ್ಟಿ ಎಂದೋ ಮುಗಿದಿದೆ, ಅಮ್ಮ ಹುಳಿ ಹೋಗುವವರೆಗೆ ಸುಣ್ಣ ಹಾಕುತ್ತಾರೆ, ನಾಲಿಗೆಗೆ ಒಂದು ಹನಿ ಬಿಟ್ಟು ನೋಡುತ್ತಾರೆ ಎಂದಳು. ಕುದಿಸದ ನೀರನ್ನು ರುಚಿ ನೋಡಬಾರದೆಂದು ಬರೆದೆ. ನಗುವ ಮುಖ ಬಂತು. ಸಮರಿಂದಾದ ಗೆಳೆಯನೊಬ್ಬನಿಗೆ ಹೇಳಿ ಪಟ್ಟಿಯ ಎರಡು ಪೊಟ್ಟಣಗಳನ್ನು ಟ್ಯಾಕ್ಸಿ ಹಡಗಿನಲ್ಲಿ ಹಾಕಿಸಿದ್ದೇನೆ. ತಲುಪಿದ ಸುದ್ದಿ ಇನ್ನೂ ಬಂದಿಲ್ಲ.