99 ರೂಪಾಯಿ ಕಾಂಬೊಗೆ ನೀರುದೋಸೆ ಹಾಕಿದ ಲೆಕ್ಕ

ವಾಟರ್ ಪಾರ್ಕಿನ ಒಳಗೆ ತಿಂಡಿ ಕೌಂಟರ್ ನಡೆಸುವವರಿಗೆ ಸೀಸನ್ನಿಗೆ ಮೊದಲು ಪಾರ್ಕಿನವರು ಹೇಳುವ ಮಾತು ಒಂದೇ: ನೂರರ ಒಳಗೆ ಒಂದು ಕಾಂಬೊ ಬೇಕು. ಗೇಟಿನ ಫ್ಲೆಕ್ಸಿನಲ್ಲಿ 99 ಅಂತ ದೊಡ್ಡದಾಗಿ ಕಾಣಬೇಕು. ಮಂಗಳೂರಿನಲ್ಲಿ ಮದುವೆ, ಗೃಹಪ್ರವೇಶದ ಅಡುಗೆ ಮಾಡಿಕೊಂಡಿದ್ದ ನಾನು ಕರಾವಳಿಯ ಒಂದು ಪಾರ್ಕಿನಲ್ಲಿ ಕೌಂಟರ್ ವಹಿಸಿಕೊಂಡಾಗ ಅವರು ಮುಂದಿಟ್ಟ ಪಟ್ಟಿಯೂ ಎಲ್ಲ ಕಡೆ ಇರುವಂಥದ್ದೇ. ಬರ್ಗರ್, ಫ್ರೆಂಚ್ ಫ್ರೈಸ್, ಒಂದು ಗ್ಲಾಸ್ ಕೋಲಾ.

ಪೆನ್ನು ಹಿಡಿದು ಕೂತೆ. 99ರಲ್ಲಿ ಶೇಕಡಾ 5 ಜಿಎಸ್‌ಟಿ ಹೋದರೆ 94 ಚಿಲ್ಲರೆ. ಪಾರ್ಕಿಗೆ ಕಾಲು ಪಾಲು ಕೊಟ್ಟ ಮೇಲೆ 70. ಹುಡುಗರ ಸಂಬಳ, ಗ್ಯಾಸ್, ತಟ್ಟೆ, ನನ್ನ ಲಾಭ ಎಲ್ಲ ಸೇರಿ ಅದರಲ್ಲಿ ಅರ್ಧ. ಅಂದರೆ ಗಿರಾಕಿಯ ತಟ್ಟೆಗೆ ಬೀಳುವ ಸಾಮಾನಿಗೆ ಉಳಿಯುವುದು 35 ರೂಪಾಯಿ. ಅಷ್ಟರಲ್ಲಿ ಬರ್ಗರ್ ಕೊಡಲು ಹೊರಟರೆ ಬನ್ನು, ಪ್ಯಾಟಿ, ಮೇಯನೀಸ್ ಎಲ್ಲವೂ ಅಂಗಡಿಯಲ್ಲಿ ಸಿಗುವ ಅತಿ ಕಡಿಮೆ ದರ್ಜೆಯದ್ದೇ ಆಗಬೇಕು. ಅದೇ ದುಡ್ಡಿನಲ್ಲಿ ನೀರುದೋಸೆ ಮಾಡಿದರೆ ಒಳ್ಳೆಯ ಅಕ್ಕಿಯನ್ನೇ ತರಬಹುದು, ಚಟ್ನಿಗೆ ಕಾಯಿಯನ್ನೂ ಧಾರಾಳ ಹಾಕಬಹುದು. ಒಂದು ಕಿಲೋ ಅಕ್ಕಿಗೆ ನಲವತ್ತು ದೋಸೆಗೆ ಮೋಸವಿಲ್ಲ. ಚೆನ್ನಾಗಿ ಮಾಡಿದರೂ ಅಗ್ಗವಾಗಿಯೇ ಉಳಿಯುವ ತಿಂಡಿಯನ್ನು ಆಫರಿಗೆ ಇಡಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ. ಪಾರ್ಕಿನವರು ಒಪ್ಪಲು ಸ್ವಲ್ಪ ಸಮಯ ಬೇಕಾಯಿತು. "ನೀರುದೋಸೆ ಮನೆಯಲ್ಲೇ ತಿಂತಾರಲ್ಲ ಮಾರಾಯ್ರೆ" ಅಂದರು. ಮನೆಯಲ್ಲಿ ತಿನ್ನುವವರಿಗೆ ಅದರ ರುಚಿ ಗೊತ್ತಿರುತ್ತದೆ, ನಾವು ಕೆಡಿಸಿದರೆ ಮರುಕ್ಷಣವೇ ಗೊತ್ತಾಗುತ್ತದೆ. ಅದಕ್ಕೇ ನನಗೆ ಅದು ಬೇಕಿತ್ತು.

ಇನ್ನೊಂದು ಕಾರಣವೂ ಉಂಟು. ಎರಡು ಮೂರು ಗಂಟೆ ನೀರಿನಲ್ಲಿ ಆಡಿ ಬಂದ ಮಕ್ಕಳು ಬಿಸಿಲಿದ್ದರೂ ಚಳಿಗೆ ನಡುಗುತ್ತಿರುತ್ತಾರೆ. ಅವರಿಗೆ ಬೇಕಾದ್ದು ಬಿಸಿಬಿಸಿಯಾಗಿ, ಉಪ್ಪು ಖಾರ ಇರುವಂಥದ್ದು. ಐಸ್ ತುಂಬಿದ ಕೋಲಾ ಆ ಹೊತ್ತಿಗೆ ಹೊಂದುವುದಿಲ್ಲ. ಆದರೂ ಕಾಂಬೊಗಳಲ್ಲಿ ಅದು ತಪ್ಪದೆ ಇರುತ್ತದೆ, ಯಾಕೆಂದರೆ ಮೆಷಿನ್ನಿನಿಂದ ಇಳಿಯುವ ಪಾನೀಯಕ್ಕೆ ಖರ್ಚು ತೀರಾ ಕಮ್ಮಿ, ಗ್ಲಾಸು ಮಾತ್ರ ದೊಡ್ಡದು. ನಾನು ಅದನ್ನು ತೆಗೆದು ಕೊತ್ತಂಬರಿ ಜೀರಿಗೆಯ ಕಷಾಯ ಇಟ್ಟೆ, ಹಾಲು ಬೆಲ್ಲ ಹಾಕಿ. ಏಪ್ರಿಲ್ ಮೇ ಸೆಕೆಯಲ್ಲಿ ಬೇಕಾದವರಿಗೆ ಪುನರ್ಪುಳಿ (ಕೋಕಂ) ಶರಬತ್ತು. ಕುಡಿಯುವ ನೀರು ಫಿಲ್ಟರಿನದ್ದು, ದುಡ್ಡಿಲ್ಲದೆ.

ನೀರುದೋಸೆಯನ್ನು ಗುಂಪಿಗೆ ಬಡಿಸುವುದು ಕಾಣುವಷ್ಟು ಸುಲಭವಲ್ಲ. ಕಾವಲಿಯಿಂದ ಎತ್ತಿದ ದೋಸೆಯನ್ನು ಬಿಸಿ ಇರುವಾಗಲೇ ಒಂದರ ಮೇಲೊಂದು ಹಾಕಿದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಅಗಲದ ಬಿದಿರಿನ ತಟ್ಟೆಯ ಮೇಲೆ ಬಾಳೆಲೆ ಹಾಸಿ, ಪ್ರತಿಯೊಂದನ್ನೂ ಅರೆನಿಮಿಷ ಆವಿ ಹೋಗಲು ಬಿಟ್ಟು, ಆಮೇಲೆ ನಾಲ್ಕು ಮಡಿಕೆ ಮಡಚಬೇಕು. ಹಿಟ್ಟು ತಳಕ್ಕೆ ಕೂರುತ್ತದೆ, ಪ್ರತಿ ಸಲ ಕಲಕಿಯೇ ಹೊಯ್ಯಬೇಕು. ಮಧ್ಯಾಹ್ನ ಒಂದರಿಂದ ಎರಡೂವರೆಯ ನೂಕುನುಗ್ಗಲಿಗೆ ಒಬ್ಬರು ಹೊಯ್ಯಲು, ಒಬ್ಬರು ಮಡಚಲು ಬೇಕೇ ಬೇಕು. ಕಾಯಿಚಟ್ನಿ ನಮ್ಮ ಸೆಕೆಗೆ ಬೇಗ ಹಳಸುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ರುಬ್ಬುತ್ತೇವೆ.

ಜೊತೆಗೆ ಗೋಳಿಬಜೆ. ಮೈದಾ, ಹುಳಿಮೊಸರು, ಶುಂಠಿ, ಹಸಿಮೆಣಸು, ಕಾಯಿಚೂರು. ಇದರಲ್ಲಿ ದುಬಾರಿ ಸಾಮಾನು ಒಂದೂ ಇಲ್ಲ. ದುಬಾರಿಯಾಗುವುದು ಎಣ್ಣೆ. ಅಗ್ಗದ ಆಫರುಗಳಲ್ಲಿ ಮೋಸ ನಡೆಯುವ ಜಾಗವೂ ಅದೇ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಕರಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹೆಚ್ಚುವ ಅಂಶಗಳು, ಶೇಕಡಾ 25 ದಾಟಿದರೆ ಬಳಸಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಮಾಡಿದ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಅಳೆಯುವ ಮೀಟರ್ ಸಿಗುತ್ತದೆ. ನಾನು ಕೊಂಡ ಸಾಮಾನುಗಳಲ್ಲಿ ಅದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಎಣ್ಣೆಗೆ ಅದ್ದಿದರೆ ಅಂಕಿ ತೋರಿಸುತ್ತದೆ, ಹುಡುಗರೊಡನೆ ಚರ್ಚೆಯೇ ಇಲ್ಲ. ಅಂಕಿ 20 ದಾಟಿತೋ, ಆ ದಿನದ ಕೆಲಸ ಮುಗಿದ ಕೂಡಲೇ ಆ ಎಣ್ಣೆಯನ್ನು ಬೇರೆ ಡಬ್ಬಕ್ಕೆ ಸುರಿಯುತ್ತೇವೆ. ಬಯೋಡೀಸೆಲ್ಲಿಗೆ ಒಯ್ಯುವವರಿಗೆ ಅದನ್ನು ಕೊಡುತ್ತೇವೆ.

ಮೀಟರ್ ಇಲ್ಲದ ಗಿರಾಕಿಯೂ ಕಂಡುಹಿಡಿಯಬಹುದು. ಬಜೆ ಬಿಟ್ಟಾಗ ಬಾಣಲೆಯಲ್ಲಿ ಗುಳ್ಳೆಗಳು ಬಜೆಯ ಸುತ್ತ ಮಾತ್ರ ಎದ್ದು ಒಡೆಯುತ್ತಿದ್ದರೆ ಎಣ್ಣೆ ಸರಿ ಇದೆ. ಬಾಣಲೆ ತುಂಬ ಸಣ್ಣ ನೊರೆ ಎದ್ದು ಇಳಿಯದೆ ನಿಂತರೆ, ಉರಿ ಹೆಚ್ಚಿಲ್ಲದಿದ್ದರೂ ಹೊಗೆ ಬಂದು ಕಣ್ಣು ಉರಿದರೆ, ಆಫರ್ ಎಷ್ಟೇ ಕಡಿಮೆಗೆ ಇರಲಿ, ಅಲ್ಲಿಂದ ಮುಂದೆ ಹೋಗಿ.

ಗೋಬಿ ಮಂಚೂರಿ ಇಡಲೇಬೇಕಾಯಿತು, ಕೇಳುವವರು ಅಷ್ಟು ಜನ. 2024ರ ಮಾರ್ಚಿನಲ್ಲಿ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ರಾಜ್ಯದಲ್ಲಿ ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಅಂತ ಆಗ ಹೇಳಿದ್ದರು. ಬೊಂಬಾಯಿ ಮಿಠಾಯಿಗೆ ಬಳಸುತ್ತಿದ್ದ ರೋಡಮೈನ್-ಬಿ ಬಣ್ಣಕ್ಕೂ ಆಗಲೇ ನಿಷೇಧ ಬಿತ್ತು. ಅಮ್ಮನೊಬ್ಬರು ನನ್ನ ತಟ್ಟೆ ನೋಡಿ, "ಎಂತ ಅಣ್ಣ, ಇದಕ್ಕೆ ಕಲರೇ ಇಲ್ಲ!" ಅಂದರು. "ಬ್ಯಾಡಗಿ ಮೆಣಸು ಅಕ್ಕ, ಅದಕ್ಕಿರುವ ಬಣ್ಣ ಇಷ್ಟೇ" ಅಂದೆ. ಮಕ್ಕಳು ತಿಂದು ಇನ್ನೊಂದು ಪ್ಲೇಟ್ ಕೇಳಿದರು. ಆದರೆ ಗೋಬಿಯನ್ನು 99ರ ಕಾಂಬೊಗೆ ಸೇರಿಸಲಿಲ್ಲ. ಆ ಬೆಲೆಗೆ ಕೊಟ್ಟರೆ ಹೂಕೋಸಿಗಿಂತ ಹಿಟ್ಟೇ ಜಾಸ್ತಿಯಾಗುತ್ತದೆ.

ಸಂಜೆ ನಾಲ್ಕರ ನಂತರ "ಅರ್ಧ ಬೆಲೆ" ಬೋರ್ಡ್ ಹಾಕಲು ಹೇಳಿದ್ದರು, ನಾನು ಒಪ್ಪಲಿಲ್ಲ. ಆ ಹೊತ್ತಿಗೆ ಅರ್ಧ ಬೆಲೆಗೆ ಹೋಗುವುದು ಮಧ್ಯಾಹ್ನ ಕರಿದು ಉಳಿದದ್ದೇ. ನಾವು ಮೂರೂವರೆಗೆ ಹಿಟ್ಟಿನ ಲೆಕ್ಕ ನೋಡಿ ಎಷ್ಟು ಬೇಕೋ ಅಷ್ಟೇ ಹೊಸದಾಗಿ ಬಿಡುತ್ತೇವೆ.

2025ರಲ್ಲಿ ತೆಂಗಿನಕಾಯಿ ಬೆಲೆ ಗಗನಕ್ಕೇರಿದಾಗ ಚಟ್ನಿಗೆ ಹುರಿಗಡಲೆ ತುಂಬಿ ಎಂದು ಹಲವರು ಹೇಳಿದರು. ನಾನು ಕಾಂಬೊವನ್ನೇ 110 ಮಾಡಿ, ಕಾಯಿ ದುಬಾರಿಯಾದ ಕಾರಣ ಅಂತ ಬೋರ್ಡಿನಲ್ಲಿ ಬರೆಸಿದೆ. 99 ಹೋಯಿತಲ್ಲ ಅಂತ ಪಾರ್ಕಿನವರಿಗೆ ಬೇಸರ ಇತ್ತು. ಮಂಗಳೂರಿನವರಿಗೆ ಕಾಯಿಯ ಬೆಲೆ ಬಿಡಿಸಿ ಹೇಳಬೇಕಾಗಲಿಲ್ಲ. ಕೌಂಟರಿನ ಸಾಲು ಮೊದಲಿನ ಹಾಗೆಯೇ ಇತ್ತು.